ಗುಜರಿಯಮ್ಮನ ಹೆಬ್ಬೆರಳು

ಗುಜರಿಯಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವುದೋ ಕಾಲದಲ್ಲಿ ಅದರ ಮೇಲೆ ಬೈಕಿನ ಎಂಜಿನ್ ಬಿದ್ದಿತ್ತಂತೆ. ಸೀಳಿದ ಎರಡು ಹೋಳೂ ಒಂದೊಂದು ದಿಕ್ಕಿಗೆ ದಪ್ಪಗೆ ಬೆಳೆದು, ನಡುವಿನ ಸಂದಿಯಲ್ಲಿ ಸುಟ್ಟ ಆಯಿಲ್ಲು, ತುಕ್ಕು, ಹೊಗೆಸೊಪ್ಪಿನ ಪುಡಿ ಸೇರಿಕೊಂಡು ಕರ್ರಗೆ ಕೂತಿತ್ತು. ಅದೇ ಬೆರಳಲ್ಲಿ ಆಕೆ ಹೊಗೆಸೊಪ್ಪಿಗೆ ಸುಣ್ಣ ತಿಕ್ಕುತ್ತಿದ್ದಳು. ಅದನ್ನೇ ಬಾಯೊಳಗೆ ಹಾಕಿ ಸೊಪ್ಪನ್ನು ದವಡೆಗೆ ಒತ್ತುತ್ತಿದ್ದಳು. ಆಮೇಲೆ ಅದೇ ಬೆರಳಲ್ಲಿ ಟೀ ಲೋಟದ ಅಂಚು ಹಿಡಿದು, "ಕುಡಿ ನಾಯನಾ" ಎಂದು ಮುಂದೆ ಚಾಚುತ್ತಿದ್ದಳು. ನನಗೆ ವಾಕರಿಕೆ ಬರುತ್ತಿತ್ತು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಪಶು ಆಸ್ಪತ್ರೆಯ ಪರೀಕ್ಷಕ. ಗಬ್ಬ ನಿಂತಿದೆಯೋ ಇಲ್ಲವೋ ನೋಡಲು ಎಮ್ಮೆ ಹಸುಗಳೊಳಗೆ ಭುಜದವರೆಗೆ ಕೈ ಹಾಕುವವನು. ಕಾಲುಬಾಯಿ ಜ್ವರ ಬಂದ ದನದ ಜೊಲ್ಲು ಅಂಗಿಯ ಮೇಲೆ ಸುರಿದರೂ ಒರೆಸಿಕೊಂಡು ಊಟಕ್ಕೆ ಕೂತವನು. ಅಂಥವನಿಗೆ ಒಬ್ಬ ಮುದುಕಿಯ ಹೆಬ್ಬೆರಳು ಕಂಡರೆ ಅಸಹ್ಯ. ಮನುಷ್ಯನ ಕೊಳೆಗೆ ಮಾತ್ರ ಮೂಗು ಮುರಿಯುವ ಈ ಮಡಿವಂತಿಕೆ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಇಸ್ತ್ರಿ ಅಂಗಿ ಹಾಕುವ ನೌಕರಿ ಸಿಕ್ಕ ಮೇಲೆ ಬಂದಿರಬೇಕು. ನಮ್ಮದು ಕುರಿ ಮೇಯಿಸುವ ಮನೆತನ. ಹಿಕ್ಕೆಯ ವಾಸನೆಯ ನಡುವೆಯೇ ಹುಟ್ಟಿ ಬೆಳೆದವನು ನಾನು.

ಮಧುಗಿರಿಯಿಂದ ಪಾವಗಡದ ಕಡೆಗೆ ಹೊರಟರೆ ಊರು ಮುಗಿಯುವ ಜಾಗದಲ್ಲಿ ಆಕೆಯ ಗುಜರಿ ಇತ್ತು. ಸುತ್ತ ಚಪ್ಪಡಿ ಕಲ್ಲು ನೆಟ್ಟ ಕಾಂಪೌಂಡು, ಒಂದು ಮೂಲೆಯಲ್ಲಿ ತಗಡಿನ ಮಾಡು. ಆಕೆ ಪಾವಗಡದ ಆಚೆಯ ಹಳ್ಳಿಯವಳು. ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಮಾತಿನಲ್ಲಿ ತೆಲುಗು ಬಿಟ್ಟಿರಲಿಲ್ಲ. ಚಿಕ್ಕವರು ದೊಡ್ಡವರು, ಪೊಲೀಸರು ಪೂಜಾರಿಗಳು ಎಲ್ಲರೂ ಆಕೆಗೆ 'ನಾಯನಾ', ಅಂದರೆ ಅಪ್ಪಾ. ಗಂಡ ತೀರಿದ ಮೇಲೆ ಗುಜರಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಅಪಘಾತವಾದ ಬೈಕುಗಳನ್ನು ಕೊಂಡು, ಬಿಚ್ಚಿ, ಬಿಡಿಭಾಗಗಳನ್ನು ಮಾರುವುದೇ ಹೆಚ್ಚಿನ ವ್ಯಾಪಾರ. ಸಿರಾ ಹೆದ್ದಾರಿಯಲ್ಲಿ, ಕೊರಟಗೆರೆ ರಸ್ತೆಯಲ್ಲಿ, ಹಿಂದೂಪುರದ ದಾರಿಯಲ್ಲಿ ಬಿದ್ದ ಗಾಡಿಗಳೆಲ್ಲ ಕೊನೆಗೆ ಬರುತ್ತಿದ್ದದ್ದು ಅಲ್ಲಿಗೇ.

ಗಾಡಿ ತಂದವರು ಯಾರೇ ಆಗಿರಲಿ, ಆಕೆ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. "ಕಾಲು ಹೆಂಗೈತೆ ನಾಯನಾ?"

ನನ್ನನ್ನೂ ಅದನ್ನೇ ಕೇಳಿದಳು. ಆಗ ನನಗೆ ಕೊಡಿಗೇನಹಳ್ಳಿ ಹೋಬಳಿಗೆ ವರ್ಗವಾಗಿತ್ತು. ಹಟ್ಟಿಯಿಂದ ಹಟ್ಟಿಗೆ ಕುರಿಗಳಿಗೆ ಲಸಿಕೆ ಹಾಕಿಕೊಂಡು ತಿರುಗಲು ಹಳೆಯ ಬೈಕೊಂದನ್ನು ಕೊಂಡಿದ್ದೆ. ಮೊದಲ ತಿಂಗಳಲ್ಲೇ ಎರಡು ಸಲ ಬಿದ್ದು ಮೊಣಕಾಲಿನ ಕೆಳಗೆ ಊದಿಸಿಕೊಂಡೆ. ಕಾಲಿಗೆ ಅಡ್ಡವಾಗಿ ಮುಂದೆ ಕಬ್ಬಿಣದ ಗಾರ್ಡು ಹಾಕಿಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಕಂಪನಿಯದ್ದರ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಬಂದೆ. ಮೆಕ್ಯಾನಿಕ್ಕೇ ದಾರಿ ತೋರಿಸಿದ. "ಕಮ್ಮೀಲಿ ಗಟ್ಟಿ ಮಾಲು ಬೇಕು ಅಂದ್ರೆ ಗುಜರಿಯಮ್ಮನ ತಾವ ಹೋಗಿ ಸಾರ್. ಅವಮ್ಮ ಕೊಟ್ಟಿದ್ದು ಕಣ್ಣು ಮುಚ್ಕೊಂಡು ಹಾಕ್ಬೋದು."

ಹೋದೆ. ಪ್ಯಾಂಟು ಮಡಚಿ ಊತ ತೋರಿಸಿದೆ. ಆಕೆ ಆ ಹೆಬ್ಬೆರಳನ್ನು ಚಾಚಿ ಒತ್ತಿ ನೋಡಲು ಬಂದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಆಕೆಗೆ ನಗು ಬಂತು. ಪಕ್ಕಕ್ಕೆ ತಿರುಗಿ ಉಗಿದಳು. ಅದರ ಒಂದು ಹನಿ ನನ್ನ ಬೂಟಿನ ಮೇಲೆ ಬಿತ್ತು. ಥೂ, ಇವತ್ತಿಗೂ ಆ ಕಂದು ಹನಿ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾಂಪೌಂಡಿನ ಎಡಗಡೆಯ ಚಪ್ಪಡಿಗಳಿಗೆ ಒಂದಷ್ಟು ಗಾರ್ಡುಗಳನ್ನು ತಂತಿಯಿಂದ ಕಟ್ಟಿದ್ದಳು, ಬಲಗಡೆ ಇನ್ನೊಂದಷ್ಟು. ಎರಡೂ ಕಡೆಯವು ಅಪಘಾತದಲ್ಲಿ ಏಟು ತಿಂದವು. ಎಡಗಡೆಯವು ಬಾಗಿದ್ದವು, ಆದರೆ ಕಾಲಿಡುವಷ್ಟು ಜಾಗ ಒಳಗೆ ಹಾಗೇ ಉಳಿದಿತ್ತು. ಬಲಗಡೆಯವು ಒಳಕ್ಕೆ ಮಡಚಿಕೊಂಡು ಎಂಜಿನ್ನಿಗೆ ಅಂಟಿಕೊಂಡಂಥವು. ಆಕೆ ಒಂದೊಂದನ್ನೇ ತೋರಿಸುತ್ತಾ ಹೋದಳು.

"ಚೂಡು ನಾಯನಾ, ಇದು ಕೊಳಾಲದ ರೋಡಿಂದು. ಮಣಿದೈತೆ, ಮಡಿಸ್ಕೊಂಡಿಲ್ಲ. ಆ ಪಿಲ್ಲಗಾಡು ಎದ್ದು ಅವನೇ ಗಾಡಿ ತಳ್ಕೊಂಡು ಬಂದ. ಇದು ನೋಡು, ಸಿರಾದಿಂದು. ಮೇಲೆಲ್ಲಾ ಕನ್ನಡಿ ಇದ್ದಂಗೆ ಹೊಳೀತಿತ್ತು. ಕಾಲು ಇಷ್ಟಕ್ಕೆ ತೆಗೆದ್ರು." ತನ್ನ ಮಂಡಿಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದಳು.

ಗೋಡೆಯ ಮೇಲಿನ ಯಾವುದನ್ನೂ ಆಕೆ ಮಾರುತ್ತಿರಲಿಲ್ಲ. ಒಂದು ಏಟು ತಿಂದ ಪೈಪು ಇನ್ನೊಂದು ಏಟಿಗೆ ಆಗಿಬರುವುದಿಲ್ಲ ಎಂಬುದು ಆಕೆಯ ಕಟ್ಟುನಿಟ್ಟು. ಹಿಂದಿನಿಂದ ಗುದ್ದಿಸಿಕೊಂಡು ಬಂದ ಗಾಡಿಗಳ, ಎಂಜಿನ್ ಕೆಟ್ಟು ಬಂದ ಗಾಡಿಗಳ ಗಾರ್ಡುಗಳನ್ನು ಮಾತ್ರ ಮಾರುವಳು. ಅದಕ್ಕೂ ಮೊದಲು ಒಂದು ಪರೀಕ್ಷೆ. ಎಡಗೈಯ ಸ್ಪ್ಯಾನರಿನಿಂದ ಪೈಪಿನ ಒಂದು ತುದಿಗೆ ಬಡಿದು, ಇನ್ನೊಂದು ತುದಿಯಲ್ಲಿ ಆ ಹೆಬ್ಬೆರಳು ಇಟ್ಟು ಕಣ್ಣು ಮುಚ್ಚುತ್ತಿದ್ದಳು. ತೆಳು ಪೈಪಾದರೆ ನಡುಕ ತುಂಬಾ ಹೊತ್ತು ಉಳಿಯುತ್ತದಂತೆ. ದಪ್ಪ ಪೈಪಾದರೆ ಒಂದೇ ಸಲ ಗಟ್ಟಿಯಾಗಿ ಬಂದು ನಿಲ್ಲುತ್ತದಂತೆ. "ಎಲ್ಲಾ ಹೆಬ್ಬೆರಳಿಗೆ ಗೊತ್ತಾಗ್ತದೆ. ಕಣ್ಣಿಗೇನು ಗೊತ್ತು, ಪೈಂಟು ನೋಡ್ತದೆ" ಎನ್ನುತ್ತಿದ್ದಳು.

ನನಗೊಂದನ್ನು ಆರಿಸಿ ತಂದಳು. ಬಣ್ಣ ಹೋಗಿ ತುಕ್ಕು ಹಿಡಿದಿತ್ತು, ಆದರೆ ನೆಟ್ಟಗಿತ್ತು. ಯಾರ ಗಾಡಿಯದು ಎಂದು ಕೇಳಿದೆ.

"ಲಾರಿ ಹಿಂದ್ಗಡೆಯಿಂದ ಗುದ್ದಿದ್ದು. ಗಾರ್ಡಿಗೆ ಏನೂ ಆಗಿಲ್ಲ."

"ಓಡಿಸ್ತಿದ್ದವರು?"

"ಹೋಗ್ಬುಟ್ಟ ನಾಯನಾ. ತಲೆಗೆ ಬಿತ್ತು ಏಟು. ಕಾಲಿಗೆ ಮಾತ್ರ ಏನೂ ಆಗಿರ್ಲಿಲ್ಲ."

ಬೇರೆ ವ್ಯಾಪಾರಿಯಾಗಿದ್ದರೆ ಸುಳ್ಳು ಹೇಳುತ್ತಿದ್ದ. ಆಕೆ ಹೇಳಲಿಲ್ಲ. ಆದರೆ ಸತ್ತವನ ಗಾಡಿಯ ಕಬ್ಬಿಣ, ಅದನ್ನು ಹಿಡಿದ ಆ ಹೆಬ್ಬೆರಳು, ಬೂಟಿನ ಮೇಲಿನ ಉಗುಳು ಎಲ್ಲಾ ಸೇರಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ನಾಳೆ ಬರುತ್ತೇನೆ ಎಂದು ಹೇಳಿ ಹೊರಟೆ. ನಾಳೆ ಹೋಗಲಿಲ್ಲ.

ಹೋಗಿದ್ದು ಊರೊಳಗಿನ ಬೈಕ್ ಅಲಂಕಾರದ ಅಂಗಡಿಗೆ. ಅಲ್ಲಿ ಎಲ್ಲವೂ ಹೊಳೆಯುತ್ತಿತ್ತು. ನೆಲಕ್ಕೆ ಬಿಳಿ ಟೈಲ್ಸು, ಗೋಡೆಗೆ ಕನ್ನಡಿ, ಊದಿನಕಡ್ಡಿಯ ಪರಿಮಳ. ಅಂಗಡಿಯವನು ಬಿಳಿ ಅಂಗಿ ತೊಟ್ಟು, ಗಂಧ ಇಟ್ಟುಕೊಂಡು, ಕೈಮುಗಿದು ಮಾತಾಡುವವನು. ಕಂಪನಿಯ ಗಾರ್ಡಿಗಿಂತ ಅರ್ಧ ಬೆಲೆಗೆ ಗಾರ್ಡುಗಳು ಸಾಲಾಗಿ ನೇತಾಡುತ್ತಿದ್ದವು. ಒಂದನ್ನು ಇಳಿಸಿ ನನ್ನ ಕೈಗೆ ಕೊಟ್ಟ.

"ಎತ್ತಿ ನೋಡಿ ಸಾರ್. ನಾನು ಹೇಳೋದು ಬೇಡ, ನಿಮ್ಮ ಕೈಯೇ ಹೇಳುತ್ತೆ."

ಎತ್ತಿ ನೋಡಿದೆ. ಇಲ್ಲಿಯೇ ನಾನು ಕೆಟ್ಟದ್ದು. ನಮ್ಮ ಕಡೆ ಏನನ್ನು ಕೊಳ್ಳುವುದಾದರೂ ಎತ್ತಿ ನೋಡುತ್ತೇವೆ. ಕುಂಬಳಕಾಯಾದರೂ ಸರಿ, ಕೊಡಲಿಯಾದರೂ ಸರಿ. ಕುರಿಸಂತೆಯಲ್ಲಂತೂ ಟಗರಿನ ಸೊಂಟ ಹಿಡಿದು ಒಂದು ಗೇಣು ಮೇಲೆತ್ತಿ ಇಷ್ಟೇ ತೂಕ ಎಂದು ಹೇಳುವುದು ನಮ್ಮ ಮನೆತನದ ಹೆಮ್ಮೆ. ನಮ್ಮಪ್ಪ ಹೇಳಿದ ತೂಕ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಆದದ್ದನ್ನು ನಾನು ಕಂಡಿಲ್ಲ. ಆ ಕೈ ನನಗೂ ಬಂದಿದೆ ಎಂದು ಬೀಗುತ್ತಿದ್ದವನು ನಾನು. ಗಾರ್ಡು ಒಳ್ಳೆ ಭಾರವಿತ್ತು. ಭಾರ ಎಂದರೆ ಗಟ್ಟಿ ಎಂದುಕೊಂಡೆ. ನನ್ನ ಪಕ್ಕದಲ್ಲಿ ನಿಂತಿದ್ದ ಇನ್ನಿಬ್ಬರೂ ಹಾಗೆಯೇ ಒಂದೊಂದನ್ನು ಎತ್ತಿ ಇಳಿಸಿ ತಲೆದೂಗುತ್ತಿದ್ದರು.

ಎರಡು ಕೊಂಡೆ. ಒಂದು ನನಗೆ, ಇನ್ನೊಂದು ಭಾವನಿಗೆ. ಭಾವ ಎಂದರೆ ನನ್ನ ಅಕ್ಕನ ಗಂಡ, ಕೊಡಿಗೇನಹಳ್ಳಿ ಹತ್ತಿರದ ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ. ದಿನಕ್ಕೆರಡು ಸಲ ಹಾಲಿನ ಸ್ಯಾಂಪಲ್ಲು ಹೊತ್ತು ಬೈಕಿನಲ್ಲಿ ಓಡಾಡುವ ಮನುಷ್ಯ. "ನೀನೇ ನೋಡಿ ಒಂದು ತಂದ್ಬುಡಪ್ಪ, ನಂಗೆ ಇದೆಲ್ಲ ಗೊತ್ತಾಗಾಕಿಲ್ಲ" ಎಂದಿದ್ದರು. ಹಾಕಿಸಿದ ದಿನ ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದಳು.

ಮಾರನೆಯ ವಾರ ಗುಜರಿಯ ಮುಂದೆ ಹೋಗುವಾಗ ಬೇಕೆಂದೇ ಗಾಡಿ ನಿಲ್ಲಿಸಿದೆ. ಹೊಸ ಗಾರ್ಡನ್ನು ಆಕೆಗೆ ತೋರಿಸುವ ಚಪಲ. ಆಕೆ ಸ್ಪ್ಯಾನರು ತಂದು ಬಡಿದಳು, ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದಳು. ಮತ್ತೆ ಬಡಿದಳು.

"ಇದು ಅದ್ರಾಕಿಲ್ಲ ನಾಯನಾ. ಜೀವ ಇಲ್ಲ ಇದ್ರಾಗೆ. ಬಿಚ್ಚಾಕು."

ವ್ಯಾಪಾರ ಕೈತಪ್ಪಿತು ಎಂಬ ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಹೊಳೆಯುವ ಪೈಪಿನ ಮೇಲೆ ಆಕೆಯ ಹೆಬ್ಬೆರಳಿನ ಕಪ್ಪು ಗುರುತು ಉಳಿದಿತ್ತು. ಸ್ವಲ್ಪ ದೂರ ಹೋಗಿ, ಗಾಡಿ ನಿಲ್ಲಿಸಿ, ಕರ್ಚೀಪಿನಿಂದ ಅದನ್ನು ಉಜ್ಜಿ ಒರೆಸಿದೆ. ಆ ಕರ್ಚೀಪನ್ನು ಅಲ್ಲೇ ಎಸೆದೆ. ಆಕೆ ಹೇಳಿದ ಮಾತನ್ನು ಭಾವನಿಗೆ ಹೇಳಲೇ ಇಲ್ಲ.

ಭಾವ ಬಿದ್ದದ್ದು ಅದಾದ ಐದಾರು ತಿಂಗಳಿಗೆ, ಹಾಡುಹಗಲು, ಸೊಸೈಟಿಗೆ ಹೋಗುವ ದಾರಿಯಲ್ಲಿ. ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಬ್ರೇಕು ಹಿಡಿದರು, ಗಾಡಿ ಎಡಕ್ಕೆ ಜಾರಿತು. ವೇಗವೇನೂ ಇರಲಿಲ್ಲ. ಮೈಮೇಲೆ ಇನ್ನೆಲ್ಲೂ ತರಚಿದ ಗಾಯವೂ ಇರಲಿಲ್ಲ. ಆದರೆ ಗಾರ್ಡು ನಡುವೆ ಮಡಚಿಕೊಂಡು, ಎಡಗಾಲನ್ನು ಎಂಜಿನ್ನಿಗೆ ಒತ್ತಿ ಹಿಡಿದುಬಿಟ್ಟಿತ್ತು. ಕುರಿ ಕಾಯುವ ಯಜಮಾನರು ಕೊಡಲಿಯ ಕಾವಿನಿಂದ ಮೀಟಿ ಕಾಲು ಬಿಡಿಸಿದರಂತೆ. ನಾನು ಹೋಗುವ ಹೊತ್ತಿಗೆ ಭಾವನನ್ನು ಆಟೋಗೆ ಹತ್ತಿಸುತ್ತಿದ್ದರು. ಸುತ್ತ ಹತ್ತಾರು ಜನ ಮೊಬೈಲ್ ಹಿಡಿದು ನಿಂತಿದ್ದರು. ಒಬ್ಬನಂತೂ ರಕ್ತ ಸರಿಯಾಗಿ ಕಾಣುತ್ತಿಲ್ಲವೆಂದು ನನ್ನನ್ನೇ ಪಕ್ಕಕ್ಕೆ ಸರಿಯಲು ಹೇಳಿದ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ. ಇಸ್ತ್ರಿ ಅಂಗಿಯವರು ಉಗಿಯುವುದಿಲ್ಲವಲ್ಲ.

ಕುರಿಯವರು ನನ್ನ ತೋಳು ಹಿಡಿದು ನೆಲ ತೋರಿಸಿದರು. "ಇದೇನ್ ಸಾಮಿ ಇದು, ಪೈಪ್ನಾಗೆ ಮರಳೈತೆ?"

ಗಾರ್ಡು ಒಡೆದ ಕಡೆಯಿಂದ ಮರಳು ಸುರಿದಿತ್ತು. ಟಾರು ರಸ್ತೆಯ ಮೇಲೆ ಸಣ್ಣ ಗುಡ್ಡೆಯಾಗಿತ್ತು. ಅರ್ಧ ಒಣಮರಳು, ಇನ್ನರ್ಧ ಭಾವನ ರಕ್ತ ಕುಡಿದದ್ದು.

ತುಮಕೂರಿನ ಆಸ್ಪತ್ರೆಯಲ್ಲಿ ಮೂಳೆಗೆ ರಾಡು ಹಾಕಿದರು. ಮೂಳೆ ಕೂಡಿಕೊಳ್ಳುತ್ತದೆ, ಆದರೆ ನರ ನಜ್ಜಾಗಿದೆ, ಬೆರಳುಗಳಿಗೆ ಸ್ಪರ್ಶ ಬಂದರೆ ಪಾದ ಕೆಲಸಕ್ಕೆ ಬರುತ್ತದೆ, ಬಾರದಿದ್ದರೆ ಆಮೇಲೆ ಯೋಚಿಸೋಣ ಎಂದರು ವೈದ್ಯರು. ಏನು ಯೋಚಿಸುತ್ತಾರೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಭಾವ ಬೈಯಲಿಲ್ಲ. ಒಂದೇ ಸಲ, ಎಚ್ಚರವಾದ ದಿನ, ಚಾವಣಿ ನೋಡುತ್ತಾ ಕೇಳಿದರು.

"ನೀನು ಎತ್ತಿ ನೋಡಿ ತಂದಿದ್ದಲ್ವೇನಪ್ಪಾ?"

ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು.

ಮಡಚಿದ ಗಾರ್ಡನ್ನು ಚೀಲದಲ್ಲಿ ಸುತ್ತಿಕೊಂಡು ಗುಜರಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಬೈಸಿಕೊಳ್ಳಲು ಇನ್ಯಾರೂ ಇರಲಿಲ್ಲವೇನೋ. ಆಕೆ ಚೀಲ ಬಿಚ್ಚಿ ನೋಡಿದಳು.

"ಕಾಲು ಹೆಂಗೈತೆ ನಾಯನಾ?"

ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಆಕೆ ಪೈಪಿನ ಬಾಯಲ್ಲಿ ಉಳಿದಿದ್ದ ಮರಳನ್ನು ಹೆಬ್ಬೆರಳಿನಿಂದ ಕೆದಕಿ ಅಂಗೈಗೆ ಹಾಕಿಕೊಂಡಳು.

"ಸಂತೇಲಿ ಕುರಿಗೆ ಉಪ್ಪು ತಿನ್ಸಿ ನೀರು ಕುಡ್ಸಿ ತಂದ್ರೆ ಹೊಟ್ಟೆ ಮುಟ್ಟಿ ಕಂಡ್ಹಿಡೀತೀಯಲ್ಲ ಡಾಕ್ಟ್ರಪ್ಪ. ಪೈಪಿಗೆ ಮರಳು ಕುಡ್ಸವ್ರೆ, ಅದಕ್ಕೇ ಅವತ್ತು ನಿಂದು ಅದುರ್ಲಿಲ್ಲ. ಅದನ್ನ ಎತ್ತಿ ನೋಡಿ ತಂದ್ಯಾ?"

ಆ ಮಾತು ಎದೆಗೆ ನಾಟಿತು. ತೂಕ ಬರಲೆಂದು ವ್ಯಾಪಾರಿಗಳು ಕುರಿಗೆ ಉಪ್ಪುನೀರು ಕುಡಿಸುವುದು ನಮ್ಮ ಮನೆಯ ಮಕ್ಕಳಿಗೂ ಗೊತ್ತಿರುವ ಮೋಸ. ಅಂಥ ಕುರಿಯನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಬಿಳಿ ಟೈಲ್ಸಿನ ಮೇಲೆ ನಿಂತಾಗ ಮಾತ್ರ ಬುದ್ಧಿ ಮಣ್ಣು ತಿಂದಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನಿನ್ ಗಾಡಿದೂ ಬಿಚ್ಚು" ಎಂದಳು. ಬಿಚ್ಚಿದೆ. "ನಡಿ" ಎಂದಳು. ಕಬ್ಬಿಣ ಕೊಯ್ಯುವ ಗರಗಸವನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಬೈಕಿನ ಹಿಂದೆ ಕೂತಳು. ಬಿಸಿಲಿಗೆ ಮಧುಗಿರಿ ಬೆಟ್ಟದ ಬಂಡೆ ಕಾದು ಊರೆಲ್ಲ ಧಗೆ. ಆಕೆಯ ಬೆವರು, ಆಯಿಲ್ಲು, ಹೊಗೆಸೊಪ್ಪಿನ ವಾಸನೆ ನನ್ನ ಬೆನ್ನಿಗೆ ಅಂಟಿಕೊಂಡು ಬಂತು. ಆವತ್ತು ನನಗೆ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ.

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಆಕೆ ಯಾರನ್ನೂ ಮಾತಾಡಿಸದೆ ಬಿಳಿ ಟೈಲ್ಸಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಗಾರ್ಡನ್ನು ಪಾದದಿಂದ ಒತ್ತಿ ಹಿಡಿದು ಕೊಯ್ಯತೊಡಗಿದಳು. ಅಂಗಡಿಯವನು "ಏಯ್, ಏನಮ್ಮ ಇದು, ಎದ್ದೇಳು" ಎಂದು ಹತ್ತಿರ ಬಂದವನು ನನ್ನನ್ನು ನೋಡಿ ನಿಂತ. ನಾಲ್ಕು ಎಳೆತಕ್ಕೆ ಪೈಪು ತುಂಡಾಯಿತು. ಅದರ ತಗಡು ತೆಂಗಿನ ಚಿಪ್ಪಿನಷ್ಟೂ ದಪ್ಪವಿರಲಿಲ್ಲ. ಮರಳು ಸರಸರನೆ ಸುರಿದು ನೆಲದ ಮೇಲೆ ಹರಡಿತು.

"ನೋಡ್ರಪ್ಪಾ" ಎಂದಳು ಆಕೆ, ಗಿರಾಕಿಗಳ ಕಡೆ ತಿರುಗಿ. "ನಿಮ್ ಕಾಲಿಗೆ ಇವ್ನು ಕೊಡೋದು ಇದು. ಒಬ್ಬಾತ ಆಸ್ಪತ್ರೇಲಿ ಮಲಗವ್ನೆ."

ಅಂಗಡಿಯವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈಮುಗಿದೇ ಮಾತಾಡಿದ. "ಪೈಪು ಬಗ್ಗಿಸುವಾಗ ಒಳಗೆ ಮರಳು ತುಂಬ್ತಾರೆ ಸಾರ್, ನುಗ್ಗಾಗಬಾರದು ಅಂತ. ಆಮೇಲೆ ತೆಗೆಯೋದು ಮರೆತಿರ್ತಾರೆ. ನಾವೇನು ತಯಾರು ಮಾಡ್ತೀವಾ ಸಾರ್? ಬಂದದ್ದು ಮಾರ್ತೀವಿ."

ಮರೆತಿದ್ದಾರಂತೆ. ಮರಳು ತುಂಬಿ, ಎರಡೂ ತುದಿಗೆ ಬಿರಡೆ ಜಡಿದು, ಮೇಲೆ ಹೊಳಪು ಹಚ್ಚಿ, ಊರೂರಿಗೆ ಲಾರಿಯಲ್ಲಿ ಕಳಿಸಿ, ಎಲ್ಲರೂ ಒಟ್ಟಿಗೇ ಮರೆತಿದ್ದಾರೆ! ಆ ನಯ, ಆ ಗಂಧದ ಬೊಟ್ಟು, ಆ 'ಸಾರ್' ನೋಡಿ ನನಗೆ ಮೈಯೆಲ್ಲ ಉರಿಯಿತು.

ಅದಕ್ಕಿಂತ ಹೇಸಿಗೆಯಾದದ್ದು ಆಮೇಲೆ. ಗಿರಾಕಿಗಳಲ್ಲಿ ಒಬ್ಬಾತ ಮರಳನ್ನು ಚಪ್ಪಲಿಯ ತುದಿಯಿಂದ ಸರಿಸಿ, ನೇತಾಡುತ್ತಿದ್ದ ಇನ್ನೊಂದು ಗಾರ್ಡನ್ನು ಇಳಿಸಿದ. ಎರಡು ಸಲ ಎತ್ತಿ ಇಳಿಸಿದ. "ಇದ್ರಲ್ಲಿ ಮರಳಿಲ್ಲ ತಾನೆ?" ಎಂದು ಅಂಗಡಿಯವನನ್ನೇ ಕೇಳಿದ. ಇಲ್ಲ ಎಂದ ಅವನು. ಕೊಂಡುಕೊಂಡು ಹೋದ ಈತ. ನಾವಿನ್ನೂ ಅಲ್ಲೇ ನಿಂತಿದ್ದೆವು, ಮರಳೂ ಅಲ್ಲೇ ಬಿದ್ದಿತ್ತು.

ಗುಜರಿಯಮ್ಮ ಬಾಗಿಲ ಹೊರಗೆ ಬಂದು ಚರಂಡಿಗೆ ಉಗಿದಳು. "ಮರಳಿರೋದು ಬರೀ ಪೈಪ್ನಾಗಲ್ಲ ನಾಯನಾ" ಎಂದಷ್ಟೇ ಹೇಳಿ ಬೈಕು ಹತ್ತಿದಳು. ಆಮೇಲೆ ಆ ಅಂಗಡಿಯ ಮೇಲೆ ನಾನು ಕೊಟ್ಟ ದೂರಿನ ಅರ್ಜಿ ಯಾವುದೋ ಕಚೇರಿಯ ಕಡತದಲ್ಲಿ ಇನ್ನೂ ಇರಬಹುದು.

ಗುಜರಿಗೆ ವಾಪಸ್ಸು ಬಂದು, ಭಾವನ ಮಡಚಿದ ಗಾರ್ಡನ್ನು ಬಲಗಡೆಯ ಚಪ್ಪಡಿಗೆ ಕಟ್ಟಿದಳು. ನನ್ನ ಗಾಡಿಗೆ ಅದೇ ಹಳೆಯ ತುಕ್ಕಿನ ಗಾರ್ಡನ್ನು ತಾನೇ ಕೂತು ಹಾಕಿದಳು. ಎರಡು ಕಡೆ ಗಾಡಿಯ ಚಾಸಿ ಚೌಕಟ್ಟಿಗೆ ಬಿಗಿಯಬೇಕು, ಒಂದೇ ಬೋಲ್ಟಿಗೆ ಜೋತುಬೀಳಿಸಬಾರದು. ಲೈಟು ಕೂರಿಸಲು ಪೈಪಿಗೆ ತೂತು ಕೊರೆಸಬಾರದು. ಹಾಲಿನ ಕ್ಯಾನು, ಹುಲ್ಲಿನ ಹೊರೆ ನೇತುಹಾಕಬಾರದು. ಸ್ಪ್ಯಾನರು ತಿರುಗಿಸುತ್ತಾ ಇದನ್ನೆಲ್ಲ ಹೇಳಿದಳು. ಮುಗಿದ ಮೇಲೆ ಟೀ ತರಿಸಿ, ಲೋಟದ ಅಂಚಿಗೆ ಹೆಬ್ಬೆರಳಿಟ್ಟು ಚಾಚಿದಳು. ಕುಡಿದೆ. ಆಯಿಲ್ಲಿನ ವಾಸನೆ ಇತ್ತು.

ಭಾವನನ್ನು ಮನೆಗೆ ಕರೆತಂದು ಮೂರು ವಾರವಾದರೂ ಪಾದದ ಬೆರಳುಗಳಿಗೆ ಸ್ಪರ್ಶ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಅಕ್ಕ ಒಂದೊಂದು ಬೆರಳನ್ನೂ ಮುಟ್ಟಿ "ಗೊತ್ತಾಗ್ತದಾ?" ಎಂದು ಕೇಳುವಳು. ಭಾವ ಇಲ್ಲವೆಂದು ತಲೆಯಾಡಿಸುವರು. ಒಂದು ಭಾನುವಾರ ಗುಜರಿಯಮ್ಮ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಬಾಳೆಹಣ್ಣು ಹಿಡಿದು. ಆಕೆಯ ಸೀರೆ, ಕೈ ನೋಡಿ ಅಕ್ಕನ ಮುಖ ನನ್ನ ಮುಖದಂತೆಯೇ ಸಿಂಡರಿಸಿತು. ಒಂದೇ ರಕ್ತವಲ್ಲವೇ.

ಆಕೆ ಮಂಚದ ಕೊನೆಗೆ ಕೂತು, ಬ್ಯಾಂಡೇಜಿನ ಹೊರಗಿದ್ದ ಬೆರಳುಗಳನ್ನು ಒಂದೊಂದಾಗಿ ಹಿಡಿದಳು. ನಮ್ಮಕ್ಕ ಪ್ರೀತಿಯಿಂದ ಮೆಲ್ಲಗೆ ಮುಟ್ಟುತ್ತಿದ್ದಳು. ಈಕೆ ಕಬ್ಬಿಣ ಹಿಡಿದಂತೆ ಹಿಡಿದು, ಸೀಳುಗುರಿನಿಂದ ಒತ್ತಿದಳು. ಕಿರುಬೆರಳು. ಏನಿಲ್ಲ. ಅದರ ಪಕ್ಕದ್ದು. ಏನಿಲ್ಲ. ನಡುವಿನದು. ಏನಿಲ್ಲ. ನಾಲ್ಕನೆಯದಕ್ಕೆ ಭಾವ "ಆ!" ಎಂದು ಕಾಲೆಳೆದುಕೊಳ್ಳಲು ನೋಡಿದರು.

"ಜೀವ ಐತೆ" ಎಂದಳು ಗುಜರಿಯಮ್ಮ. "ನಾಳೇನೇ ಡಾಕ್ಟ್ರಿಗೆ ತೋರ್ಸಿ."

ಪವಾಡವೇನೂ ಅಲ್ಲ. ಬರುವುದಿದ್ದರೆ ಇಷ್ಟು ಹೊತ್ತಿಗೆ ಬರುತ್ತದೆ ಎಂದು ವೈದ್ಯರೇ ಹೇಳಿದ್ದರು. ಆದರೂ ಅಕ್ಕ ಆ ಕಪ್ಪು ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಊಟಕ್ಕೆ ಏಳು" ಎಂದಳು. ಒಂದೂವರೆ ತಿಂಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ಭಾವ ಈಗ ನಡೆಯುತ್ತಾರೆ. ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಬೈಕು ಹತ್ತುವುದಿಲ್ಲ.

ಆಮೇಲಿನ ನಾಲ್ಕು ವರ್ಷ ಪ್ರತಿ ವಾರ ಗುಜರಿಗೆ ಹೋಗುತ್ತಿದ್ದೆ. ಬಡಿದು, ಹೆಬ್ಬೆರಳಿಟ್ಟು, ಕಣ್ಣು ಮುಚ್ಚುವುದನ್ನು ಕಲಿತೆ. "ನಿಂದು ಬರೆಯೋರ ಬೆರಳು, ಚರ್ಮ ಇನ್ನಾ ದಪ್ಪ ಆಗ್ಬೇಕು" ಎಂದು ಹಂಗಿಸುವಳು. ಹಟ್ಟಿಗಳಲ್ಲಿ ಹೊಸ ಬೈಕು ಕಂಡರೆ ಕುರಿ ಬಿಟ್ಟು ಮೊದಲು ಗಾರ್ಡು ಬಡಿದು ನೋಡುವ ಚಟ ನನಗೆ ಹತ್ತಿತು. ಜನ ನನ್ನನ್ನು ಅರೆಹುಚ್ಚ ಎಂದುಕೊಂಡರು. ಎಲ್ಲಾ ಗುಜರಿಯಮ್ಮನ ಸಹವಾಸದೋಷ ಎಂದು ಮೆಕ್ಯಾನಿಕ್ಕು ನಗುತ್ತಿದ್ದ.

ಆಕೆಗೆ ಸಕ್ಕರೆ ಕಾಯಿಲೆ ಇತ್ತು. ಊರಿನವರ ಕಾಲನ್ನೆಲ್ಲ ವಿಚಾರಿಸುತ್ತಿದ್ದವಳು ತನ್ನ ಕಾಲನ್ನು ನೋಡಿಕೊಳ್ಳಲಿಲ್ಲ. ತಗಡಿನ ಚೂರು ಹೊಕ್ಕು ಆದ ಗಾಯಕ್ಕೆ ಬೂದಿ ಮೆತ್ತಿಕೊಂಡು ಹದಿನೈದು ದಿನ ಓಡಾಡಿದಳು. ನಾನು ದನದ ಗಾಯ ನೋಡುವವನು, ವಾಸನೆಯಲ್ಲೇ ಗೊತ್ತಾಯಿತು. ಬೈದು, ಬೇಡಿಕೊಂಡು, ಆಸ್ಪತ್ರೆಗೆ ಸೇರಿಸಿದೆ. ತಡವಾಗಿತ್ತು. ಕಾಲು ತೆಗೆಯಬೇಕು ಎಂದರು. ಆಕೆ ಒಪ್ಪಲಿಲ್ಲ.

"ಕಾಲು ಹೆಂಗೈತಮ್ಮಾ?" ಎಂದು ಕೇಳಿದೆ, ಕೊನೆಯ ಸಲ ನೋಡಲು ಹೋದಾಗ.

"ಗುಜರಿಗೆ ಹಾಕೋದೇ ನಾಯನಾ" ಎಂದು ನಕ್ಕಳು.

ಪಕ್ಕದ ಹಾಸಿಗೆಯವರು ವಾಸನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ನಾನು ಆಕೆಯ ಪಾದದ ಬೆರಳುಗಳನ್ನು ಒಂದೊಂದಾಗಿ ಹಿಡಿದು ಹೆಬ್ಬೆರಳಿನಿಂದ ಒತ್ತಿದೆ. ಐದಕ್ಕೂ ಆಕೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಎರಡು ದಿನಕ್ಕೆ ತೀರಿಕೊಂಡಳು.

ತಿಥಿ ಮುಗಿದ ವಾರವೇ ಪಾವಗಡದ ಕಡೆಯಿಂದ ಆಕೆಯ ತಮ್ಮ ಬಂದು ಗುಜರಿಯನ್ನೆಲ್ಲ ಒಟ್ಟಾಗಿ ತೂಕಕ್ಕೆ ಮಾರಿದ. ಸುದ್ದಿ ತಿಳಿದು ನಾನು ಓಡಿಹೋಗುವ ಹೊತ್ತಿಗೆ ಲಾರಿ ನಿಂತಿತ್ತು. ಎಡಗಡೆಯವು ಬಲಗಡೆಯವು, ಕಾಲು ಉಳಿಸಿದ್ದು ಕಾಲು ಮುರಿದದ್ದು, ಎಲ್ಲವನ್ನೂ ಒಂದೇ ರಾಶಿಗೆ ಎಸೆಯುತ್ತಿದ್ದರು. ಮಾರಲು ಇಟ್ಟಿದ್ದ ಒಳ್ಳೆಯ ಗಾರ್ಡುಗಳೂ ಅದರಲ್ಲೇ ಬೆರೆತಿದ್ದವು. ತಮ್ಮನನ್ನು ಕೇಳಿದೆ. "ಬೇಕಾದಷ್ಟು ಎತ್ಕೊಳ್ಳಿ ಸಾರ್, ಕಬ್ಬಿಣ ತಾನೆ" ಎಂದ. ಅಂಗಿಯ ತೋಳು ಮಡಚಿ, ರಾಶಿಯ ನಡುವೆ ಕೂತು ಒಂದೊಂದನ್ನೇ ಬಡಿದು ಆರಿಸತೊಡಗಿದೆ. ಗಂಟೆ ಕಳೆಯುವಷ್ಟರಲ್ಲಿ ನನ್ನ ಕೈ, ಅಂಗಿ, ಮುಖ ಎಲ್ಲ ಕಪ್ಪು. ಹೆಬ್ಬೆರಳು ತಗಡಿಗೆ ತಾಗಿ ಕೊಯ್ದುಹೋಗಿ ರಕ್ತ ಬರುತ್ತಿತ್ತು.

ಆಗ ಒಬ್ಬರು ಬಂದರು. ಕೈಯಲ್ಲಿ ಹೊಸ ಬೈಕಿನ ಕೀ, ಕಾಲಲ್ಲಿ ಹೊಳೆಯುವ ಬೂಟು. "ಇಲ್ಲಿ ಕಮ್ಮೀಲಿ ಗಾರ್ಡು ಸಿಗುತ್ತೆ ಅಂದ್ರು" ಎಂದರು. ನಾನು ಆರಿಸಿಟ್ಟಿದ್ದರಲ್ಲಿ ಒಳ್ಳೆಯದೊಂದನ್ನು ಮುಂದೆ ಚಾಚಿದೆ. ಅವರು ಅದನ್ನು ನೋಡಲಿಲ್ಲ. ನನ್ನ ಹೆಬ್ಬೆರಳನ್ನು ನೋಡಿದರು. ಮುಖ ಸಿಂಡರಿಸಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ನಾಳೆ ಬರ್ತೀನಿ" ಎಂದರು.

ನಾಳೆ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಬೈಕು ಊರೊಳಗಿನ ಅಂಗಡಿಯ ಕಡೆಗೆ ತಿರುಗಿತು.

ಸ್ಪ್ಯಾನರು ಜೇಬಿಗಿಟ್ಟುಕೊಂಡು ಹಿಂದೆಯೇ ಹೋದೆ. ನಾನು ಒಳಗೆ ಕಾಲಿಡುವ ಹೊತ್ತಿಗೆ ಅಂಗಡಿಯವನು ಅವರ ಕೈಗೆ ಗಾರ್ಡು ಕೊಟ್ಟು, "ಎತ್ತಿ ನೋಡಿ ಸಾರ್" ಎನ್ನುತ್ತಿದ್ದ. ಬಿಳಿ ಟೈಲ್ಸಿನ ಮೇಲೆ ನನ್ನ ಕಪ್ಪು ಹೆಜ್ಜೆಗಳು ಮೂಡಿದವು. ಇಬ್ಬರೂ ಮೂಗಿಗೆ ಕೈ ಇಟ್ಟುಕೊಂಡರು. ಹೊಳೆಯುವ ಪೈಪಿನ ಒಂದು ತುದಿಗೆ ನನ್ನ ಹೆಬ್ಬೆರಳಿಟ್ಟು, ಇನ್ನೊಂದು ತುದಿಗೆ ಬಡಿದು, ಕಣ್ಣು ಮುಚ್ಚಿದೆ.

ಅದುರಲಿಲ್ಲ.

"ಇದ್ರಲ್ಲಿ ಜೀವ ಇಲ್ಲ ನಾಯನಾ" ಎಂದೆ. "ನಿಮ್ಮ ಕಾಲು ಇನ್ನೂ ಚೆನ್ನಾಗೈತೆ. ಇಳಿಸಿ ಅದನ್ನ."